ನಮ್ಮೂರ ನೀರು ನಮಗೇನು ಮಾಡೀತು?



ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಪಾಟ್‌ಲಕ್‌ಗಳಲ್ಲಿ ಎರಡೇ ಮಾತು: ಬೆಂಗಳೂರಿಗೆ ಟಿಕೆಟ್ ಎಷ್ಟಾಯಿತು, ಸೂಟ್‌ಕೇಸಿಗೆ ಏನೇನು ತುಂಬಬೇಕು. "ಟೈಫಾಯಿಡ್ ಲಸಿಕೆ ಹಾಕಿಸಿಕೊಂಡಿರಾ?" ಎಂದು ನಾನು ಕೇಳಿದರೆ ಎಲ್ಲರೂ ನಗುತ್ತಾರೆ. "ಏನ್ ಡಾಕ್ಟ್ರೇ, ಕೊಳಾಯಿಗೆ ಬಾಯಿಟ್ಟು ಕುಡಿದು ಬೆಳೆದವರು ನಾವು. ನಮ್ಮೂರ ನೀರು ನಮಗೇನು ಮಾಡೀತು?"

ಮಾಡುತ್ತದೆ, ಸ್ವಾಮಿ. ಅಮೆರಿಕದಲ್ಲಿ ಪತ್ತೆಯಾಗುವ ಟೈಫಾಯಿಡ್ ರೋಗಿಗಳಲ್ಲಿ ಬಹುಪಾಲು ಹೊರದೇಶಕ್ಕೆ ಹೋಗಿ ಬಂದವರು. ಅವರಲ್ಲೂ ಹೆಚ್ಚಿನವರು ದಕ್ಷಿಣ ಏಷ್ಯಾದಲ್ಲಿ ನಂಟರಿಷ್ಟರನ್ನು ನೋಡಲು ಹೋದವರು. ಅಂದರೆ ನಾವೇ! ಬಾಲ್ಯದಲ್ಲಿ ಬಂದ ರಕ್ಷಣೆ ಶಾಶ್ವತವಲ್ಲ. ಒಮ್ಮೆ ಟೈಫಾಯಿಡ್ ಬಂದವರಿಗೂ ಮತ್ತೆ ಬರಬಹುದು.

"ಹೊಟ್ಟೆ ಕೆಟ್ಟರೆ ಎರಡು ದಿನ ಗಂಜಿ ಕುಡಿದರಾಯಿತು" ಎನ್ನುತ್ತೀರಿ. ಸಾಮಾನ್ಯ ಭೇದಿಗೆ ಅದು ಸರಿ. ಟೈಫಾಯಿಡ್ ಕ್ರಿಮಿಗೆ ಸಣ್ಣ ಕರುಳಿನ ಗೋಡೆ ದಾಟಿ ರಕ್ತ ಸೇರುವುದೇ ಕಸುಬು. ಅದರ ದಾಯಾದಿಗಳಾದ ಇತರ ಸಾಲ್ಮೊನೆಲ್ಲಾ ಕ್ರಿಮಿಗಳು ಭೇದಿ ಮಾಡಿಸಿ ಸುಮ್ಮನಾಗುವುದೇ ಹೆಚ್ಚು. ನೂರಕ್ಕೆ ಸುಮಾರು 5 ಮಂದಿಯಲ್ಲಿ ಅವೂ ರಕ್ತಕ್ಕೆ ನುಗ್ಗುತ್ತವೆ. ಯಾರಿಗೆ ಈ ಅಪಾಯ ಹೆಚ್ಚು? 3 ತಿಂಗಳೊಳಗಿನ ಕೂಸುಗಳು, ವೃದ್ಧರು, ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರು, ಮೂತ್ರಪಿಂಡ ಕಸಿಯಾದವರು, ಎಚ್‌ಐವಿ ಅಥವಾ ಸಿಕಲ್ ಸೆಲ್ ಇರುವವರು. 50 ದಾಟಿ ರಕ್ತನಾಳ ಗಟ್ಟಿಯಾದವರಲ್ಲಿ ಈ ಕ್ರಿಮಿ ಮಹಾಪಧಮನಿಯ ಗೋಡೆಯಲ್ಲೇ ಬೀಡುಬಿಡಬಲ್ಲದು. ನಮ್ಮ ಸಂಘದಲ್ಲಿ 50 ದಾಟದವರು ಎಷ್ಟು ಜನ, ನೀವೇ ಎಣಿಸಿ.

ಸಾಲದ್ದಕ್ಕೆ ನಾವೇ ಬಾಗಿಲು ತೆರೆದಿಡುತ್ತೇವೆ. ಜಠರದ ಆಮ್ಲ ಹೆಬ್ಬಾಗಿಲ ಕಾವಲುಗಾರ. ಹಬ್ಬದೂಟದ ಎದೆಯುರಿಗೆಂದು ಶುರುಮಾಡಿದ ಒಮೆಪ್ರಜೋಲ್ ಅನ್ನು ವರ್ಷಗಟ್ಟಲೆ ನುಂಗಿ ಅವನನ್ನು ಮಲಗಿಸುತ್ತೇವೆ. ಅದು ನಿಜಕ್ಕೂ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ. ಇನ್ನೊಂದು, "ಇರಲಿ" ಎಂದು ಕೈಚೀಲದಲ್ಲಿಟ್ಟ ಸಿಪ್ರೊ. ಬೇಡದ ಆಂಟಿಬಯಾಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಭಾರತದ ಟೈಫಾಯಿಡ್ ಅಂತೂ ಈಗ ಬಹುಮಟ್ಟಿಗೆ ಸಿಪ್ರೊಗೆ ಜಗ್ಗುವುದಿಲ್ಲ.

ಉಪದೇಶ ಮಾಡುವ ನಾನೇನು ಸಾಚಾ ಅಲ್ಲ. ಕೆಲವು ವರ್ಷಗಳ ಹಿಂದೆ ಲಸಿಕೆ ಇಲ್ಲದೆ ಮೈಸೂರಿಗೆ ಹೋಗಿ ಬಂದೆ. ಎರಡನೇ ವಾರ ಜ್ವರ. ಡಾಕ್ಟರ್ ನಾನೇ ಅಲ್ಲವೇ! "ಫ್ಲೂ" ಎಂದು ಟೈಲೆನಾಲ್ ನುಂಗುತ್ತಾ ಎಂಟು ದಿನ ಕಳೆದೆ. ಒಂಬತ್ತನೇ ದಿನ ಹೆಂಡತಿ ಬೈದು ಆಸ್ಪತ್ರೆಗೆ ಎಳೆದೊಯ್ದಳು. ಬ್ಲಡ್ ಕಲ್ಚರ್‌ನಲ್ಲಿ ಟೈಫಾಯಿಡ್ ಬೆಳೆಯಿತು. ಇನ್ನಷ್ಟು ತಡವಾಗಿದ್ದರೆ ಕರುಳು ತೂತಾಗುವ ಸಂಭವವಿತ್ತು. ರೋಗಿಗಳಿಗೆ ಮೂವತ್ತು ವರ್ಷ ಹೇಳಿದ್ದನ್ನು ನಾನೇ ಮಾಡಿರಲಿಲ್ಲ.

ಆದ್ದರಿಂದ ಕೇಳಿ. ಪ್ರಯಾಣಕ್ಕೆ ಕನಿಷ್ಠ 2 ವಾರ ಮೊದಲು ಚುಚ್ಚುಮದ್ದು ಹಾಕಿಸಿಕೊಳ್ಳಿ. 2 ವರ್ಷ ತುಂಬಿದ ಮಕ್ಕಳಿಗೂ ಹಾಕಿಸಿ. ಇಲ್ಲಿ ಸಿಗುವ ಚುಚ್ಚುಮದ್ದಿನ ರಕ್ಷಣೆ 2 ವರ್ಷ, ಅದೂ ಪೂರ್ಣವಲ್ಲ. ಹಾಗಾಗಿ ಕುದಿಸಿದ ನೀರು, ಬಿಸಿ ಊಟ ಬಿಡಬೇಡಿ. ಹಿಂತಿರುಗಿದ ಮೇಲೆ ಜ್ವರ ಬಂದರೆ ಊರಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ, ಬ್ಲಡ್ ಕಲ್ಚರ್ ಕೇಳಿ. ಊರಿನಲ್ಲೇ ಮಾಡಿಸಿದ ವೈಡಾಲ್ ಪರೀಕ್ಷೆಯೊಂದನ್ನೇ ನಂಬಿ ಕೂರಬೇಡಿ.

ಮುಂದಿನ ಪಾಟ್‌ಲಕ್‌ನಲ್ಲಿ ಮತ್ತೆ ಕೇಳುತ್ತೇನೆ. ನಗಬೇಡಿ.