ಅಡಿಗರು ನಿಂತ ಚುನಾವಣೆ

1971ರ ಲೋಕಸಭಾ ಚುನಾವಣೆಯಲ್ಲಿ ಗೋಪಾಲಕೃಷ್ಣ ಅಡಿಗರು ಜನಸಂಘದ ಅಭ್ಯರ್ಥಿಯಾಗಿ ನಿಂತು ಸೋತರು. ಸೋತದ್ದೇನೂ ದೊಡ್ಡ ಸುದ್ದಿಯಲ್ಲ, ಅದು ಇಂದಿರಾ ಅಲೆಯ ವರ್ಷ, ಘಟಾನುಘಟಿಗಳೇ ಕೊಚ್ಚಿಹೋಗಿದ್ದರು. ಸಾಹಿತ್ಯವಲಯಕ್ಕೆ ನುಂಗಲಾರದ ತುತ್ತಾದದ್ದು ಅವರು ಆರಿಸಿಕೊಂಡ ಪಕ್ಷ. ನವೋದಯದ ಇಂಪಾದ ಲಯವನ್ನು ಮುರಿದವರು ಅವರು, ಆಡುಮಾತಿನ ಒರಟನ್ನು ಕವಿತೆಗೆ ತಂದವರು, ಒಂದು ತಲೆಮಾರಿಗೆ ಎದುರು ಮಾತಾಡುವುದನ್ನು ಕಲಿಸಿದವರು. ಅವರ ಸುತ್ತ ಬೆಳೆದ ಅನಂತಮೂರ್ತಿ, ಲಂಕೇಶರಿಗೆಲ್ಲ ಲೋಹಿಯಾ ಸಮಾಜವಾದದ ಗುಂಗು. ಗುರು ಮಾತ್ರ ಹೋಗಿ ಬಲಗಡೆ ನಿಂತರು.

ಕಲಾವಿದರು, ಸಾಹಿತಿಗಳು ಎಂದರೆ ಎಡಕ್ಕೆ ವಾಲಿದವರು ಎಂಬ ಮಾತನ್ನು ಸೆಮಿನಾರುಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ, ಹೋಟೆಲ್ ಟೇಬಲ್ಲಿನಲ್ಲಿ 'ಬುದ್ಧಿಜೀವಿಗಳಲ್ಲವೇ' ಎಂದು ಮೂಗು ಮುರಿದು ಹೇಳುತ್ತಾರೆ. ಹೊಗಳುವವರೂ ತೆಗಳುವವರೂ ಒಪ್ಪಿಕೊಂಡುಬಿಟ್ಟಿರುವ ಮಾತು ನಿಜವೇ ಇರಬೇಕು ಅನ್ನಿಸುತ್ತದೆ. ಅಡಿಗರು ನೆನಪಾದಾಗ ಮಾತ್ರ ಅನುಮಾನ.

ಮೊದಲು ಆ ಮಾತಿನ ಪರವಾಗಿ. ಮನೋವಿಜ್ಞಾನಿಗಳು ವ್ಯಕ್ತಿತ್ವವನ್ನು ಅಳೆಯುವ ಐದು ಗುಣಗಳಲ್ಲಿ ಒಂದು, ಹೊಸ ಅನುಭವಕ್ಕೆ ಮನಸ್ಸು ಎಷ್ಟು ತೆರೆದಿದೆ ಎಂಬುದು. ಸೃಜನಶೀಲರಲ್ಲಿ ಇದು ಹೆಚ್ಚು. ಉದಾರವಾದಿಗಳು ಎಂದು ತಮ್ಮನ್ನು ಕರೆದುಕೊಳ್ಳುವವರಲ್ಲೂ ಸರಾಸರಿ ಹೆಚ್ಚು. ಅಚ್ಚುಕಟ್ಟು, ಶಿಸ್ತು ಎಂಬ ಇನ್ನೊಂದು ಗುಣ ಸಂಪ್ರದಾಯವಾದಿಗಳ ಕಡೆ ತುಸು ಜಾಸ್ತಿ ತೂಗುತ್ತದೆ. ಅಮೆರಿಕದಲ್ಲಿ ಡೇನಾ ಕಾರ್ನಿ, ಜಾನ್ ಜೋಸ್ಟ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಜನರ ಕೋಣೆಗಳಿಗೇ ಹೊಕ್ಕು ನೋಡಿತ್ತು. ಸಂಪ್ರದಾಯವಾದಿಗಳ ಕೋಣೆಯಲ್ಲಿ ಕ್ಯಾಲೆಂಡರು, ಅಂಚೆಚೀಟಿ, ಇಸ್ತ್ರಿಪೆಟ್ಟಿಗೆ ಹೆಚ್ಚಾಗಿ ಕಂಡವು. ಉದಾರವಾದಿಗಳ ಕೋಣೆಯಲ್ಲಿ ಬಗೆಬಗೆಯ ಪುಸ್ತಕ, ಬಗೆಬಗೆಯ ಸಂಗೀತದ ಸಿ.ಡಿ.ಗಳು, ಚಿತ್ರ ಬರೆಯುವ ಸಾಮಾನು. (ಗೋಡೆಗೆ ಪಂಚಾಂಗದ ಕ್ಯಾಲೆಂಡರು ತೂಗುಹಾಕಿ, ಅದರ ಕೆಳಗೇ ಪುಸ್ತಕ ಪೇರಿಸಿಟ್ಟುಕೊಳ್ಳುವ ನಮ್ಮ ಮನೆಗಳನ್ನು ಯಾವ ಪಟ್ಟಿಗೆ ಸೇರಿಸುವುದೋ!) ಈ ನಂಟು ಗಟ್ಟಿಯಾಗಿ ಕಾಣುವುದು ಕುಟುಂಬ, ಧರ್ಮ, ಲಿಂಗದಂಥ ಸಾಮಾಜಿಕ ಪ್ರಶ್ನೆಗಳಲ್ಲಿ, ತೆರಿಗೆ, ಮಾರುಕಟ್ಟೆಯ ವಿಷಯಕ್ಕೆ ಬಂದರೆ ಸಡಿಲವಾಗುತ್ತದೆ. ಅಲ್ಲದೆ ಇದು ಸಾವಿರಾರು ಜನರ ಸರಾಸರಿ, ಒಬ್ಬೊಬ್ಬರ ಜಾತಕವಲ್ಲ.

ಸ್ವಭಾವಕ್ಕಿಂತ ಕಸುಬಿನಲ್ಲೇ ಕಾರಣ ಹುಡುಕುವ ವಾದ ನನಗೆ ಹೆಚ್ಚು ಹಿಡಿಸುತ್ತದೆ. ಕಾದಂಬರಿಕಾರನದು ಪರಕಾಯ ಪ್ರವೇಶದ ಕೆಲಸ. ಶಿವರಾಮ ಕಾರಂತರು 1933ರಲ್ಲಿ 'ಚೋಮನ ದುಡಿ' ಬರೆಯುವಾಗ, ತುಂಡು ಭೂಮಿಯನ್ನು ತಾನೂ ಉಳಬೇಕೆಂಬ ಚೋಮನ ಆಸೆಯೊಳಗೆ ಹೊಕ್ಕು ಕೂರಬೇಕಾಯಿತು. ಹಾಗೆ ಕೂತು ಎದ್ದವನಿಗೆ ಲೋಕ ಇರುವುದೇ ಹೀಗೆ ಎಂದು ಸುಮ್ಮನಾಗುವುದು ಕಷ್ಟ. ತುರ್ತುಪರಿಸ್ಥಿತಿ ಬಂದಾಗ ಇದೇ ಕಾರಂತರು ಪದ್ಮಭೂಷಣ ಹಿಂದಿರುಗಿಸಿದರು. ಎಪ್ಪತ್ತರ ದಶಕದ ದಲಿತ, ಬಂಡಾಯ ಚಳವಳಿಗಳಲ್ಲಿ ಬರಹವೂ ಹೋರಾಟವೂ ಒಂದೇ ಉಸಿರಿನಲ್ಲಿದ್ದವು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಕಲಬುರ್ಗಿಯವರ ಹತ್ಯೆಯಾದ ಮೇಲೆ ದೇಶದ ಹಲವು ಲೇಖಕರು ಅಕಾಡೆಮಿ ಪ್ರಶಸ್ತಿಗಳನ್ನು ಮರಳಿಸಿದರು. ನಿಜ, ಅದೇ ವರ್ಷದ ನವೆಂಬರಿನಲ್ಲಿ ನಟ ಅನುಪಮ್ ಖೇರ್ ಮುಂದಾಳುತನದಲ್ಲಿ ದೆಹಲಿಯಲ್ಲಿ ಅದಕ್ಕೆ ಎದುರಾಗಿ ಮೆರವಣಿಗೆಯೂ ನಡೆಯಿತು. ಅಲ್ಲಿ ನಡೆದವರೂ ಕಲಾವಿದರೇ.

ಇನ್ನು ಎದುರು ವಾದ. ಸೃಜನಶೀಲರೆಂದು ನಾವು ಎಣಿಸುವುದು ಯಾರನ್ನು? ಕವಿ, ಕಾದಂಬರಿಕಾರ, ಸಿನಿಮಾ ನಿರ್ದೇಶಕ, ಹವ್ಯಾಸಿ ನಾಟಕದವರು. ವೀಣೆ ನುಡಿಸುವವರು, ಶಿಲ್ಪಶಾಸ್ತ್ರದ ಅಳತೆ ಹಿಡಿದು ಕಲ್ಲು ಕೆತ್ತುವವರು ಆ ಪಟ್ಟಿಗೆ ಬರುವುದೇ ಅಪರೂಪ. ಕರಾವಳಿಯ ತಾಳಮದ್ದಳೆಯನ್ನೇ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಮುಗಿಸಿದ ಮೇಲೆ ಬಿಳಿ ಪಂಚೆಯ ಅರ್ಥಧಾರಿ ಕುಳಿತಲ್ಲೇ ಮಾತಿಗೆ ಇಳಿಯುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. 'ವಾಲಿವಧೆ'ಯಾದರೆ ಮರೆಯಲ್ಲಿ ನಿಂತು ಬಾಣ ಬಿಟ್ಟ ದೇವರನ್ನೇ ಬಿದ್ದಿರುವ ವಾಲಿ ಕಟಕಟೆಗೆ ತಂದು ನಿಲ್ಲಿಸುತ್ತಾನೆ. ರಾಮ ಉತ್ತರ ಹೇಳಲೇಬೇಕು. ಇಂದು ವಾಲಿಯಾಗಿ ಮಾತಾಡಿದವರು ಮುಂದಿನ ಕೂಟದಲ್ಲಿ ರಾಮನಾಗಬಹುದು. ಶೇಣಿ ಗೋಪಾಲಕೃಷ್ಣ ಭಟ್ಟರು ಹೀಗೆ ಪುರಾಣದ ಪ್ರತಿನಾಯಕರಿಗೆ ನಾಲಿಗೆ ಕೊಟ್ಟವರು. ಯಕ್ಷಗಾನದ ಆಟಕ್ಕೆ ಬಂದರೆ, ಬಪ್ಪನಾಡಿನ ಕ್ಷೇತ್ರ ಮಹಾತ್ಮೆಯಲ್ಲಿ ಅವರ ಬಪ್ಪ ಬ್ಯಾರಿಯಂತೂ ಮನೆಮಾತು: ಸಂಪ್ರದಾಯಸ್ಥ ಬ್ರಾಹ್ಮಣರೊಬ್ಬರು ದೇವಿಯ ಮಹಿಮೆಯ ಪ್ರಸಂಗದಲ್ಲಿ ಮುಸ್ಲಿಂ ವ್ಯಾಪಾರಿಯಾಗಿ ರಂಗ ತುಂಬಿದ್ದು. ಇದಕ್ಕಿಂತ ತೆರೆದ ಮನಸ್ಸು ಬೇಕೆ? ಆದರೆ ಇದನ್ನು ಎಡ-ಬಲದ ತಕ್ಕಡಿಗೆ ಹಾಕಿ ತೂಗಿದವರನ್ನು ನಾನು ಕಂಡಿಲ್ಲ.

ಇನ್ನೊಂದು, ಬಳಗದ ಮಾತು. ಕನ್ನಡ ವಿಭಾಗಗಳಲ್ಲಿ, ವಿಚಾರಗೋಷ್ಠಿಗಳಲ್ಲಿ ಪ್ರಗತಿಪರ ನಿಲುವೇ ಬಹುಕಾಲದಿಂದ ನಡೆದುಬಂದ ದಾರಿ. ಹೊಸದಾಗಿ ಬರೆಯಲು ಬಂದ ಹುಡುಗ ಛಂದಸ್ಸು ಕಲಿಯುವ ಮೊದಲೇ ಅದನ್ನು ಕಲಿಯುತ್ತಾನೆ. ಅಲ್ಲಿ ಒಲವು ಸ್ವಭಾವದಿಂದ ಬಂದದ್ದೋ ಸಹವಾಸದಿಂದ ಬಂದದ್ದೋ ಹೇಳುವುದು ಹೇಗೆ? ಅಡಿಗರ ವಿಷಯದಲ್ಲಿ ನನಗೆ ತೋರುವುದು ಇಷ್ಟು: ಸುತ್ತಲಿನವರೆಲ್ಲ ನೆಹರೂ ಅವರನ್ನು ಆರಾಧಿಸುತ್ತಿದ್ದಾಗ ಅವರನ್ನು ಕವಿತೆಯಲ್ಲಿ ಕುಟುಕಿದ ಗುಣವೇ ಜನಸಂಘದ ಚೀಟಿ ಹಿಡಿಸಿದ್ದು. ಒಗ್ಗಿಹೋದದ್ದನ್ನು ಅವರ ಮನಸ್ಸು ಒಲ್ಲೆನ್ನುತ್ತಿತ್ತು, ಅದು ಛಂದಸ್ಸಾಗಲಿ, ರಾಜಕಾರಣವಾಗಲಿ.

ಈ ವಾದಕ್ಕೂ ಒಂದು ತೂತಿದೆ, ಮುಚ್ಚಿಡುವುದು ಸರಿಯಲ್ಲ. ಎಡಕ್ಕೆ ಹೋದರೂ ಬಂಡಾಯ, ಬಲಕ್ಕೆ ಹೋದರೂ ಬಂಡಾಯ ಎಂದರೆ ಆ ಶಬ್ದಕ್ಕೆ ಬೆಲೆಯೇ ಉಳಿಯುವುದಿಲ್ಲ. ಊರಿಗೆ ಊರೇ ಕೈಮುಗಿಯುವುದನ್ನು ಎದುರಿಸುವುದೂ ಗೋಷ್ಠಿಯಲ್ಲಿ ಸಹಲೇಖಕರ ಮುನಿಸು ಕಟ್ಟಿಕೊಳ್ಳುವುದೂ ಒಂದೇ ತೂಕದವಲ್ಲ.

ಅಡಿಗರು ಸೋತ ಅದೇ 1971ರ ಸಿನಿಮಾ 'ವಂಶವೃಕ್ಷ'. ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ತೆರೆಗೆ ತಂದವರು ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತ, ಇಬ್ಬರಿಗೂ ಆ ವರ್ಷದ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಮೂವತ್ತೈದು ವರ್ಷ ಕಳೆದು 2006ರಲ್ಲಿ ಇದೇ ಕಾರ್ನಾಡರೂ ಇದೇ ಭೈರಪ್ಪನವರೂ ಟಿಪ್ಪುವಿನ ವಿಷಯದಲ್ಲಿ ಪತ್ರಿಕೆಯ ಪುಟಗಳಲ್ಲಿ ಎದುರುಬದುರಾದರು. ಮರುವರ್ಷ ಭೈರಪ್ಪನವರ ಕಾದಂಬರಿ 'ಆವರಣ' ಬಂತು, ಓದುಗರೂ ಎರಡು ಪಾಳೆಯವಾದರು.

ಪಾಳೆಯ ಹಿಡಿದು ಕೂತವರು ಹಳೆಯ ಪುಸ್ತಕಗಳನ್ನು ಮತ್ತೆ ತೆರೆದರೆ ಫಜೀತಿಯಾಗುತ್ತದೆ. ಅನಂತಮೂರ್ತಿಯವರ 'ಭಾರತೀಪುರ'ದಲ್ಲಿ ಓದಿ ಬಂದ ಪ್ರಗತಿಪರ ಜಗನ್ನಾಥ ಮನೆಯ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು, ಮುಟ್ಟಿ ಎಂದು ದಲಿತರ ಮುಂದೆ ಹಿಡಿಯುತ್ತಾನೆ. ಅವರು ಹೆದರಿ ಹಿಂಜರಿಯುತ್ತಾರೆ. ಇವನು ಕೊನೆಗೆ ಗದರುತ್ತಾನೆ. ಮುಟ್ಟುತ್ತಾರೆ, ಆದರೆ ಆ ಗಳಿಗೆಯಲ್ಲಿ ಕ್ರೂರಿಯಾಗಿ ಕಾಣುವುದು ಜಗನ್ನಾಥನೇ. ಸುಧಾರಕನನ್ನು ಇಷ್ಟು ನಿರ್ದಯವಾಗಿ ನೋಡಿದವರು ಸಮಾಜವಾದಿ ಲೇಖಕರು. ಅತ್ತ 'ವಂಶವೃಕ್ಷ'ದಲ್ಲಿ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿ ವಂಶ, ಧರ್ಮ ಎಂದೇ ಬಾಳಿದವರು. ವಿಧವೆ ಸೊಸೆ ಮತ್ತೆ ಮದುವೆಯಾದದ್ದನ್ನು ಎದೆಯಲ್ಲೇ ನುಂಗಿಕೊಂಡವರು. ಮುಪ್ಪಿನಲ್ಲಿ ಅವರಿಗೆ ಗೊತ್ತಾಗುತ್ತದೆ, ತಾನು ಹೆಸರಿಗಷ್ಟೇ ಆ ವಂಶದವನು, ರಕ್ತದಿಂದಲ್ಲ ಎಂದು. ಆಸ್ತಿಯೆಲ್ಲ ತನ್ನದಲ್ಲವೆಂದು ಬಿಟ್ಟು ಮನೆಯಿಂದ ಹೊರಟುಬಿಡುತ್ತಾರೆ. ಕುಲದ ಹೆಮ್ಮೆಯ ಬುಡಕ್ಕೇ ಕೊಡಲಿ ಇಟ್ಟ ಆ ಪುಟಗಳನ್ನು ಬರೆದ ಕೈ ಭೈರಪ್ಪನವರದು.