ವಿಷಯ ಮೊದಲು, ಪೀಠಿಕೆ ಆಮೇಲೆ



ನಮ್ಮ ಪೋಸ್ಟುಗಳಿಗೆ ಲೈಕ್ ಒತ್ತೋರು ಬಹಳ, ಪೂರ್ತಿ ಓದೋರು ಕಮ್ಮಿ. ಅದಕ್ಕೆ ಓದುಗರನ್ನು ಬೈದು ಪ್ರಯೋಜನ ಇಲ್ಲ. 1997ರಲ್ಲಿ ಯಾಕೋಬ್ ನೀಲ್ಸನ್ ಎಂಬ ತಜ್ಞರು ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಜಾಲತಾಣದ ಹೊಸ ಪುಟವನ್ನು ಶೇ. 79 ಮಂದಿ ಬರೀ ಕಣ್ಣಾಡಿಸಿ ನೋಡಿದರು. ಪದ ಬಿಡದೆ ಓದಿದವರು ಶೇ. 16 ಮಾತ್ರ. ಅದು ಕಂಪ್ಯೂಟರ್ ಪರದೆಯ ಕಾಲ. ಈಗ ಓದೋದು ಅಂಗೈಯಗಲದ ಫೋನಿನಲ್ಲಿ, ಬಸ್ಸಿನಲ್ಲಿ ನಿಂತುಕೊಂಡು. ಅಲ್ಲಿ ಎರಡು ಮೂರು ಸಾಲು ಕಂಡ ಮೇಲೆ ಉಳಿದದ್ದು 'ಇನ್ನಷ್ಟು ನೋಡಿ' ಅನ್ನೋದರ ಹಿಂದೆ ಅಡಗಿರುತ್ತದೆ.

ಆ ಸಾಲುಗಳಲ್ಲಿ ನಾವು ಬರೆಯೋದೇನು? "ಭವ್ಯ ಪರಂಪರೆಯುಳ್ಳ ನಮ್ಮ ಗಡಿನಾಡಿನಲ್ಲಿ..." ಅಷ್ಟರಲ್ಲಿ ಬೆರಳು ಮುಂದಕ್ಕೆ ಸರಿದಾಯ್ತು. ಅದರ ಬದಲು ಹೀಗೆ ಬರೆದು ನೋಡಿ: "ನಿಮ್ಮ ಮಗುವಿನ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮೇಷ್ಟ್ರು ಇಲ್ವಾ? ಮಾತೃಭಾಷೆಯಲ್ಲಿ ಕಲಿಸಲು ಸೌಕರ್ಯ ಒದಗಿಸಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಅರ್ಜಿಯ ನಮೂನೆ ಕೆಳಗಿದೆ." ತಾಳವಾಡಿಯ ತಾಯಿಯೂ ಜತ್ತದ ತಂದೆಯೂ ಇಲ್ಲಿ ನಿಲ್ತಾರೆ, ಯಾಕಂದ್ರೆ ಇದು ಅವರ ಮನೆ ಮಾತು. ಇತಿಹಾಸ ಬೇಡ ಅಂತಲ್ಲ, ಅದಕ್ಕೆ ಕೆಳಗೆ ಜಾಗ ಇದೆ.

ಇನ್ನು ಕೆಲವು ಸಂಗತಿ.

ತಾರೀಕು, ಊರು, ತಾಲ್ಲೂಕು, ರಾಜ್ಯ ತಪ್ಪದೆ ಹಾಕಿ. "ನಾಳೆ ಸಭೆ, ಎಲ್ಲರೂ ಬನ್ನಿ" ಅನ್ನೋ ಮೆಸೇಜಿಗೆ ಸಾವೇ ಇಲ್ಲ. ಸಭೆ ಮುಗಿದು ವರ್ಷ ಆದ ಮೇಲೂ ಗ್ರೂಪಿಂದ ಗ್ರೂಪಿಗೆ ಓಡ್ತಾ ಇರುತ್ತದೆ. ಅಂಥದ್ದು ಎರಡು ಬಂದರೆ ಮೂರನೆಯದನ್ನು, ನಿಜವಾದದ್ದನ್ನೂ, ಜನ ನಂಬೋದಿಲ್ಲ.

ಇಡೀ ಬರಹವನ್ನು ಪೋಸ್ಟರ್ ಮಾಡಿ ಹಾಕಬೇಡಿ. ಚಿತ್ರದೊಳಗಿನ ಅಕ್ಷರ ಹುಡುಕಿದರೆ ಸಿಗೋದು ಕಷ್ಟ, ಕಣ್ಣು ಕಾಣದವರಿಗೆ ಫೋನ್ ಓದಿ ಹೇಳೋದೂ ಕಷ್ಟ. ಯೂನಿಕೋಡಿನಲ್ಲಿ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟಿನ ಪಠ್ಯವನ್ನು ಪರಿವರ್ತಿಸದೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳೇ ಕಾಣೋದು.

ಒಂದು ಪೋಸ್ಟಿಗೆ ಒಂದೇ ಬೇಡಿಕೆ ಇರಲಿ. ಬ್ಯಾಂಕಿನ ಕೌಂಟರಿನಲ್ಲಿ ದಿನಾ ನೋಡ್ತೀನಿ: ನಾಲ್ಕು ಸೂಚನೆ ಒಟ್ಟಿಗೆ ಇರೋ ನೋಟಿಸಿನ ಎದುರು ನಿಂತವರು ಕೊನೆಗೆ ನಮ್ಮನ್ನೇ ಕೇಳ್ತಾರೆ. "ಏನು ಮಾಡಬೇಕು, ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು, ಕೊನೇ ದಿನ ಯಾವುದು" ಇಷ್ಟು ಬೇರೆ ಬೇರೆ ಸಾಲಲ್ಲಿ ಇದ್ದರೆ ಸಾಕು.

ಕನ್ನಡ ಮಾತಾಡ್ತಾರೆ, ಓದಲು ಬರೋದಿಲ್ಲ ಅನ್ನೋ ಮಕ್ಕಳು ನಮ್ಮಲ್ಲಿ ಇದ್ದಾರೆ. ಅವರು ಕಲಿತ ಶಾಲೆಯ ಭಾಷೆ ಬೇರೆ. ಅವರಿಗಾಗಿ ಅದೇ ವಿಷಯವನ್ನು ಅರ್ಧ ನಿಮಿಷದ ಧ್ವನಿಯಲ್ಲೂ ಹಾಕಿ.

ಪೋಸ್ಟ್ ಹಾಕೋ ಮೊದಲು ಮನೆಯಲ್ಲಿ ಒಬ್ಬರಿಗೆ ತೋರಿಸಿ, "ಇದನ್ನ ಓದಿ ಏನು ಮಾಡ್ಬೇಕು ಅಂತ ಅನ್ನಿಸ್ತು?" ಅಂತ ಕೇಳಿ. ಅವರಿಗೆ ಉತ್ತರ ಹೊಳೆಯದಿದ್ದರೆ ಇನ್ನೊಮ್ಮೆ ಬರೆಯಿರಿ. ನಮ್ಮ ಹಕ್ಕು ಕಾನೂನಿನಲ್ಲಿ ಇದ್ದರೂ ಜನರಿಗೆ ಗೊತ್ತಾಗದಿದ್ದರೆ ಅದನ್ನು ಕೇಳೋರೇ ಇರೋದಿಲ್ಲ.