ಒಂದೇ ಮನೆತನದಲ್ಲಿ ಹಲವರಿಗೆ ಕಿಡ್ನಿ ಕಾಯಿಲೆ



ಮಗುವಿಗೆ ನೆಗಡಿಯಾದಾಗ ಸಿಂಬಳ ಒರೆಸಿ ಒರೆಸಿ ನಿಮಗೆ ಬೇಸರ ಬಂದಿರಬಹುದು. ಆದರೆ ಆ ಲೋಳೆ ಇಲ್ಲದಿದ್ದರೆ ಧೂಳು, ರೋಗಾಣುಗಳು ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತಿದ್ದವು. ಜಠರದ ಆಮ್ಲ ಜಠರವನ್ನೇ ಸುಡುತ್ತಿತ್ತು. ಈ ಲೋಳೆಗೆ ಅಂಟುತನ ಕೊಡುವ ಪ್ರೋಟೀನುಗಳಿಗೆ ಮ್ಯೂಸಿನ್ ಎಂದು ಹೆಸರು. ಬಾಟಲಿ ತೊಳೆಯುವ ಬ್ರಷ್ಷನ್ನು ನೆನಪಿಸಿಕೊಳ್ಳಿ. ನಡುವಿನ ಕಡ್ಡಿ ಪ್ರೋಟೀನು, ಸುತ್ತಲಿನ ಕೂದಲು ಸಕ್ಕರೆಯ ಎಳೆಗಳು. ಈ ಎಳೆಗಳು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ಲೋಳೆಯಾಗುತ್ತದೆ. (ಬೆಂಡೆಕಾಯಿಯ ಲೋಳೆಯೂ ಇದೇ ಎಂದುಕೊಳ್ಳಬೇಡಿ, ಅದು ಬೇರೆ.)

ನಮ್ಮ ದೇಹದಲ್ಲಿ 20ಕ್ಕೂ ಹೆಚ್ಚು ಬಗೆಯ ಮ್ಯೂಸಿನ್‌ಗಳಿವೆ. ಕೆಲವು ಹೊರಗೆ ಸುರಿದು ಹೊದಿಕೆಯಾಗುತ್ತವೆ. ಇನ್ನು ಕೆಲವು ಜೀವಕೋಶದ ಮೇಲೆಯೇ ನಾಟಿಕೊಂಡು ಕಾವಲು ನಿಲ್ಲುತ್ತವೆ. ಅಂತಹ ಒಂದು ಮ್ಯೂಸಿನ್-1. ಇದು ಎದೆಹಾಲಿನ ನಾಳಗಳಲ್ಲಿ, ಶ್ವಾಸಕೋಶದಲ್ಲಿ, ಜಠರದಲ್ಲಿ, ಕಿಡ್ನಿಯ ಸಣ್ಣ ಕೊಳವೆಗಳಲ್ಲಿ ಇರುತ್ತದೆ. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಿಗೆ ಮಾಡಿಸುವ ಸಿ.ಎ. 15-3 ಎಂಬ ರಕ್ತ ಪರೀಕ್ಷೆ ಹುಡುಕುವುದು ಇದರ ತುಣುಕುಗಳನ್ನೇ.

ಈಗ ವಿಷಯಕ್ಕೆ ಬರೋಣ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಯಾವುದೋ ಒಂದು ಮನೆ ಎಂದಿಟ್ಟುಕೊಳ್ಳಿ. ಅಜ್ಜನಿಗೆ ಕಿಡ್ನಿ ಹೋಯಿತು, ಆಮೇಲೆ ಅಬ್ಬಾನಿಗೆ, ಈಗ 35ರ ಮಗನಿಗೆ. ಸಕ್ಕರೆ ಕಾಯಿಲೆ ಇಲ್ಲ, ಕಲ್ಲೂ ಇಲ್ಲ. ಹುಬ್ಬಳ್ಳಿಗೆ ಹೋದರೂ ಕಾರಣ ತಿಳಿಯಲಿಲ್ಲ. ಇಂತಹ ಮನೆಯಲ್ಲಿ ಬೈಗುಳ ಬೀಳುವುದು ಹೆಚ್ಚಾಗಿ ಸೊಸೆಗೆ, ಅವಳ ಕಾಲ್ಗುಣಕ್ಕೆ, ಇಲ್ಲವೇ ಅವಳ ಅಡುಗೆಯ ಉಪ್ಪು ಖಾರಕ್ಕೆ.

ಕಾರಣ ರಕ್ತದಲ್ಲೇ ಬಂದಿರಬಹುದು. ಮ್ಯೂಸಿನ್-1ರ ವಂಶವಾಹಿಯಲ್ಲಿ ಒಂದೇ ಬಗೆಯ ತುಣುಕು ಹತ್ತಾರು ಸಲ ಮರುಕಳಿಸುತ್ತದೆ. ಅದರ ಒಂದು ಕಡೆ ಒಂದೇ ಅಕ್ಷರ 7 ಸಲ ಸಾಲಾಗಿ ಇರಬೇಕು. ಕೆಲವು ಮನೆತನಗಳಲ್ಲಿ ಅದು 8 ಸಲ ಇರುತ್ತದೆ. ಅಷ್ಟೇ ವ್ಯತ್ಯಾಸ! ಹೆಣಿಗೆಯಲ್ಲಿ ಒಂದು ಕಣ್ಣು ಹೆಚ್ಚಾದರೆ ಮುಂದಿನ ವಿನ್ಯಾಸವೆಲ್ಲ ಸರಿಯುವಂತೆ ಅಲ್ಲಿಂದ ಮುಂದಿನ ಪ್ರೋಟೀನೆಲ್ಲ ತಪ್ಪಾಗುತ್ತದೆ. ತಪ್ಪಾದ ಪ್ರೋಟೀನು ಜೀವಕೋಶದ ಮೇಲ್ಮೈಗೆ ಬಾರದೆ ಒಳಗೇ ಕೂಡಿಕೊಂಡು ಕಿಡ್ನಿಯ ಕೊಳವೆಗಳನ್ನು ಕೊಲ್ಲುತ್ತದೆ. ಅಮೆರಿಕದ ವಿಜ್ಞಾನಿಗಳು ಇದನ್ನು 2013ರಲ್ಲಿ ಕಂಡುಹಿಡಿದರು. ಹೀಗೆ ಕೂಡಿದ್ದನ್ನು ತೆರವು ಮಾಡುವ ಒಂದು ರಾಸಾಯನಿಕ 2019ರಲ್ಲಿ ಇಲಿಗಳಲ್ಲಿ ಕೆಲಸ ಮಾಡಿತು. ಆದರೆ ಔಷಧಿ ಅಂಗಡಿಗೆ ಅದಿನ್ನೂ ಬಂದಿಲ್ಲ.

ಈ ಕಾಯಿಲೆ ಸದ್ದಿಲ್ಲದೆ ಬರುತ್ತದೆ. ಮೂತ್ರದಲ್ಲಿ ರಕ್ತವಿಲ್ಲ, ಪ್ರೋಟೀನು ಅಷ್ಟಾಗಿ ಹೋಗುವುದಿಲ್ಲ, ಮುಖ ಊದುವುದಿಲ್ಲ. ಆದ್ದರಿಂದ ಮೂತ್ರ ಪರೀಕ್ಷೆ ಸರಿಯಾಗಿದೆ ಎಂದು ನಿಶ್ಚಿಂತರಾಗುವಂತಿಲ್ಲ. ರಕ್ತದ ಕ್ರಿಯಾಟಿನಿನ್ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತದೆ. ಒಬ್ಬರಿಗೆ 30ಕ್ಕೆ ಡಯಾಲಿಸಿಸ್ ಬೇಕಾದರೆ ಅದೇ ಮನೆಯ ಇನ್ನೊಬ್ಬರಿಗೆ 70ರವರೆಗೂ ಬೇಕಾಗದಿರಬಹುದು. ಸಾಮಾನ್ಯ ಜೀನ್ ಪರೀಕ್ಷೆಗಳಲ್ಲಿ ಈ ತಪ್ಪು ಸಿಕ್ಕುವುದೂ ಕಷ್ಟ. ‘ಎಂಯುಸಿ-1’ ಎಂದು ಹೆಸರು ಹೇಳಿಯೇ ಪರೀಕ್ಷೆ ಮಾಡಿಸಬೇಕು.

ಹಾಗೆಂದು ಎಲ್ಲರೂ ಗಾಬರಿಯಾಗಬೇಕಿಲ್ಲ. ನಮ್ಮ ಮನೆಗಳಲ್ಲಿ ಕಿಡ್ನಿ ಕೆಡುವುದು ಬಹುಪಾಲು ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದಿಂದ. ಮ್ಯೂಸಿನ್ ಕಾಯಿಲೆ ಅಪರೂಪ.

ಸಂಬಂಧದಲ್ಲಿ ಮದುವೆಯಾದದ್ದೇ ಇದಕ್ಕೆ ಕಾರಣವೇ ಎಂದು ನೀವು ಕೇಳಬಹುದು. ಅಲ್ಲ. ತಂದೆ ಅಥವಾ ತಾಯಿ, ಒಬ್ಬರಲ್ಲಿ ಈ ತಪ್ಪಿದ್ದರೆ ಸಾಕು, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಬಾರದ ಮಗು ಅದನ್ನು ಮುಂದಿನ ತಲೆಮಾರಿಗೆ ದಾಟಿಸುವುದೂ ಇಲ್ಲ. ಆದರೆ ಸಂಬಂಧದ ಮದುವೆ ಇನ್ನೊಂದು ಕಡೆ ತೊಡಕಾಗುತ್ತದೆ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು. ತಾಯಿ, ಹೆಂಡತಿ, ಅಕ್ಕ. ಹೆಂಡತಿ ಹೊರಗಿನವಳಾದರೆ ಈ ಭಯವಿಲ್ಲ. ಅವಳು ಚಾಚಾನ ಮಗಳೋ ಫುಪ್ಪಿಯ ಮಗಳೋ ಆಗಿದ್ದರೆ ಅವಳಲ್ಲೂ ಅದೇ ತಪ್ಪು ಅಡಗಿರಬಹುದು. ಅಕ್ಕ ತಂಗಿಯರಲ್ಲಂತೂ ಕೇಳುವುದೇ ಬೇಡ. ಇಂದು ಕ್ರಿಯಾಟಿನಿನ್ ಸರಿಯಾಗಿದ್ದವಳು ಒಂದು ಕಿಡ್ನಿ ಕೊಟ್ಟು, ಹತ್ತು ವರ್ಷದ ಮೇಲೆ ತಾನೇ ಡಯಾಲಿಸಿಸ್ ಯಂತ್ರದ ಮುಂದೆ ಕೂರಬೇಕಾದೀತು. ಆದ್ದರಿಂದ ದಾನಿಯ ಜೀನ್ ಪರೀಕ್ಷೆ ಮೊದಲು, ತ್ಯಾಗ ಆಮೇಲೆ. ಬೇರೆಯವರ ಆರೋಗ್ಯವಂತ ಕಿಡ್ನಿ ಹಾಕಿದರೆ ಅದರಲ್ಲಿ ಈ ಕಾಯಿಲೆ ಮರಳಿ ಬರುವುದಿಲ್ಲ.

ಹೆಣ್ಣುಮಕ್ಕಳ ಮದುವೆ ನಿಂತೀತೆಂಬ ಭಯದಿಂದ ಮನೆಯ ಕಾಯಿಲೆಯನ್ನು ವೈದ್ಯರಿಂದಲೂ ಮುಚ್ಚಿಡುವವರಿದ್ದಾರೆ. ಆ ಭಯ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಮೊಣಕಾಲು ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವ ಅಭ್ಯಾಸವನ್ನು ಇಂತಹ ಮನೆಯವರು ಬಿಡಲೇಬೇಕು. ರಮಝಾನ್ ಉಪವಾಸದ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ. ರೋಗಿಗಳಿಗೆ ಪವಿತ್ರ ಕುರ್‌ಆನ್ ರಿಯಾಯಿತಿ ಕೊಟ್ಟಿದೆ.

ಮುಂದಿನ ಸಲ ಆಸ್ಪತ್ರೆಗೆ ಹೋಗುವ ಮುಂಚೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದು ಕಾಗದದಲ್ಲಿ ಬರೆಯಿರಿ: ಮೂರು ತಲೆಮಾರಿನಲ್ಲಿ ಯಾರಿಗೆ ಕಿಡ್ನಿ ಕೆಟ್ಟಿತು, ಆಗ ಅವರ ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಇತ್ತೋ ಇಲ್ಲವೋ. ವೈದ್ಯರ ಮೇಜಿನ ಮೇಲೆ ಮೊದಲು ಆ ಕಾಗದವನ್ನೇ ಇಡಿ.